ಕಣ್ಣು ತೆರೆದೇ ಮಲಗುವ ಬೆಕ್ಕು

ಶಿರಸಿಯ ನನ್ನ ಕ್ಲಿನಿಕ್‌ಗೆ ಬೆಕ್ಕಿಗೆ ಮರಿಯಾಗದ ಆಪರೇಷನ್ ಮಾಡಿಸಲು ಬಂದವರು ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. “ಡಾಕ್ಟ್ರೇ, ಕಣ್ಣು ಬಿಟ್ಕೊಂಡೇ ಇದೆಯಲ್ಲ, ಕುಯ್ಯುವಾಗ ಇದಕ್ಕೆ ಗೊತ್ತಾಗ್ತಾ ಇತ್ತಾ?”

ಇಲ್ಲ. ನಾನು ಕೊಡುವುದು ಕೆಟಮಿನ್ ಎಂಬ ಅರಿವಳಿಕೆ ಮದ್ದು, ಜೊತೆಗೆ ಮೈ ಸಡಿಲಿಸಿ ಮಂಪರು ತರುವ ಝೈಲಜಿನ್. ಕೆಟಮಿನ್ ಕೊಟ್ಟಾಗ ಬೆಕ್ಕಿನ ರೆಪ್ಪೆ ಮುಚ್ಚುವುದಿಲ್ಲ. ಕಣ್ಣು ಒಣಗಬಾರದೆಂದು ಮುಲಾಮು ಹಾಕಿರುತ್ತೇವೆ.

1962ರಲ್ಲಿ ಮೊದಲು ತಯಾರಾದ ಕೆಟಮಿನ್‌ನ ರೀತಿಯೇ ಬೇರೆ. ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕದಿಂದ ಸುದ್ದಿ ಮುಟ್ಟಿಸುತ್ತವೆ. ಅದನ್ನು ಬರಮಾಡಿಕೊಳ್ಳುವ ಎನ್‌ಎಂಡಿಎ ಎಂಬ ಬಾಗಿಲನ್ನು ಕೆಟಮಿನ್ ಅಡ್ಡಗಟ್ಟುತ್ತದೆ. ಮಿದುಳಿನ ಭಾಗಗಳು ಒಂದಕ್ಕೊಂದು ಕೈ ಬಿಟ್ಟ ಹಾಗೆ ಆಗುತ್ತದೆ. ಇದರಿಂದ ಏಳುವಾಗ ಮೈಯಿಂದ ಹೊರಗೆ ತೇಲಿದ ಹಾಗಾಯಿತು, ಇಲ್ಲದ್ದು ಕಂಡಿತು ಎಂದು ಹೇಳುವ ಮನುಷ್ಯರಿದ್ದಾರೆ.

ಬೆಕ್ಕನ್ನು ಕೇಳೋಣವೆಂದರೆ ಆಗುವುದಿಲ್ಲ, ಅಲ್ವಾ? ಮನುಷ್ಯರಿಗೆ ಇಲ್ಲದ್ದು ಕಾಣಿಸುವ ಎಲ್‌ಎಸ್‌ಡಿ ಎಂಬ ಮದ್ದು ಕೊಟ್ಟ ಇಲಿಗಳಲ್ಲಿ ವಿಜ್ಞಾನಿಗಳು ತಲೆ ಎಷ್ಟು ಸಲ ಪಟಪಟ ಕೊಡವಿತು ಎಂದು ಎಣಿಸುತ್ತಾರೆ. ಅದು ಮೈ ತೋರಿಸಿದ ಗುರುತು ಅಷ್ಟೇ.

ನನ್ನನ್ನು ತಟ್ಟಿದ್ದು ಕುರಿಗಳ ಅಧ್ಯಯನ. 2020ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಕೆಟಮಿನ್ ಕೊಟ್ಟ ಕುರಿಗಳ ಮಿದುಳಿನ ಅಲೆಗಳನ್ನು ದಾಖಲಿಸಿ ಪ್ರಕಟಿಸಿದರು. ಮದ್ದು ಇಳಿಯುವಾಗ ನಿಧಾನದ ಅಲೆ, ವೇಗದ ಅಲೆ ಒಂದಾದ ಮೇಲೊಂದು ಬರುತ್ತಿದ್ದವು. ಕೆಜಿಗೆ 24 ಮಿಲಿಗ್ರಾಂನ ದೊಡ್ಡ ಡೋಸ್ ಕೊಟ್ಟಾಗ ಆರರಲ್ಲಿ ಐದು ಕುರಿಗಳ ಹೊರಮಿದುಳು ಕೆಲವು ನಿಮಿಷ ಪೂರ್ತಿ ಸುಮ್ಮನಾಯಿತು. ಆಮೇಲೆ ತಾನೇ ಚೇತರಿಸಿತು. ಉಸಿರು, ಎದೆಬಡಿತ ಇರುವ ಪ್ರಾಣಿಯ ಮಿದುಳು ಅಷ್ಟು ಹೊತ್ತು ಮೌನ! ಓದಿ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲೆಲ್ಲ ಆಪರೇಷನ್ ಆದ ಬೆಕ್ಕನ್ನು ರಸ್ತೆ ಬದಿಯ ಬೆಂಚಿನ ಮೇಲೆ, ಬಸ್ಸಿನ ಹಾರ್ನ್ ನಡುವೆ ಬಿಡುತ್ತಿದ್ದೆ. ಈಗ ಒಳಗಿನ ಕತ್ತಲೆ ಕೋಣೆಯಲ್ಲೇ ಇಡುತ್ತೇನೆ. ತಲೆ ತೂಗುವುದು, ಸುಮ್ನೆ ಗಾಳಿ ನೆಕ್ಕುವುದು, ಹಿಂಗಾಲು ಎಳೆಯುವುದು, ಇವೆಲ್ಲ ಮದ್ದು ಇಳಿಯುವಾಗಿನ ಸಹಜ ಲಕ್ಷಣ. ಆಗ ಸುತ್ತ ನಿಂತು ಹೆಸರು ಹಿಡಿದು ಕರೆಯಬೇಡಿ, ಮೈ ತಟ್ಟಬೇಡಿ.

ಮನೆಗೆ ಒಯ್ಯುವಾಗ ಬುಟ್ಟಿಗೆ ತೆಳು ಬಟ್ಟೆ ಮುಚ್ಚಿ, ಗಾಳಿ ಆಡಲಿ. ಅಟ್ಟಕ್ಕೆ, ಕಟ್ಟೆಗೆ ಹತ್ತಲು ಬಿಡದೆ ನೆಲದ ಮೇಲೆ ಮಲಗಿಸಿ. ಪಾಪ ಎಂದು ಹಾಲು ಬಾಯಿಗೆ ಬಿಡಬೇಡಿ, ನುಂಗುವುದು ಸರಿಯಾಗಿರದಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನೆಟ್ಟಗೆ ನಡೆದು ಬಂದು ಕಾಲಿಗೆ ಮೈ ಉಜ್ಜಿದ ಮೇಲೆ ಸ್ವಲ್ಪ ನೀರಿಡಿ.