ಸಣ್ಣ ಆ್ಯಪ್‌ಗೆ ಎಷ್ಟು ಸರ್ವರ್ ಬೇಕು?

ದಿನಕ್ಕೆ ಒಂದು ಲಕ್ಷ ರಿಕ್ವೆಸ್ಟ್ (ಬಳಕೆದಾರರಿಂದ ಸರ್ವರಿಗೆ ಬರುವ ಕೋರಿಕೆ) ಎಂದರೆ ಕೇಳುವುದಕ್ಕೆ ಭಾರಿ ಸಂಖ್ಯೆ. ಆದರೆ ದಿನಕ್ಕಿರುವುದು 86,400 ಸೆಕೆಂಡು. ಭಾಗಿಸಿ ನೋಡಿದರೆ ಸೆಕೆಂಡಿಗೆ ಒಂದಕ್ಕಿಂತ ಚೂರು ಹೆಚ್ಚು, ಅಷ್ಟೇ. ಜನ ಮುಗಿಬೀಳುವ ಹೊತ್ತಿನಲ್ಲಿ ಅದು ಹತ್ತು ಪಟ್ಟಾಯಿತು ಎಂದೇ ಇಟ್ಟುಕೊಳ್ಳಿ, ಸೆಕೆಂಡಿಗೆ ಹನ್ನೆರಡು. ಒಂದೊಂದಕ್ಕೆ 20 ಮಿಲಿಸೆಕೆಂಡು ಹಿಡಿದರೂ ಪ್ರೊಸೆಸರಿನ ಒಂದೇ ಕೋರ್ ಸೆಕೆಂಡಿಗೆ 50 ಮುಗಿಸುತ್ತದೆ. ಇಷ್ಟಕ್ಕೆ ಹಲವು ಯಂತ್ರಗಳಿಗೆ ಆ್ಯಪ್ ಹಂಚಿ ಓಡಿಸುವ ಕುಬರ್ನೆಟಿಸ್ ಕಟ್ಟಲು ಹೊರಡುವುದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. (ಕಲಿಯುವ ಆಸೆಗೆ ಕಟ್ಟುವವರ ಮಾತು ಬೇರೆ.)

ಡೇಟಾಬೇಸಿಗೂ ಬೇರೆ ಸರ್ವರ್ ಬೇಕೆಂದಿಲ್ಲ. ರಿಚರ್ಡ್ ಹಿಪ್ 2000ರಲ್ಲಿ ಹೊರತಂದ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ನಿಮ್ಮ ಪ್ರೋಗ್ರಾಮಿನೊಳಗೇ ಓಡುತ್ತದೆ, ಮಾಹಿತಿಯೆಲ್ಲ ಡಿಸ್ಕಿನ ಒಂದು ಫೈಲಿನಲ್ಲಿರುತ್ತದೆ. ಒಮ್ಮೆಗೆ ಒಬ್ಬರೇ ಬರೆಯಬಹುದು ಎಂಬುದು ಅದರ ಮಿತಿ. 2010ರಲ್ಲಿ ಅದಕ್ಕೆ ಬಂದ ವಾಲ್ (ರೈಟ್-ಅಹೆಡ್ ಲಾಗ್) ವಿಧಾನದಲ್ಲಿ ಹೊಸ ಬರಹ ಮೊದಲು ಪಕ್ಕದ ಇನ್ನೊಂದು ಫೈಲಿಗೆ ಸೇರಿ, ಆಮೇಲೆ ಮುಖ್ಯ ಫೈಲಿಗೆ ಇಳಿಯುತ್ತದೆ. ಹಾಗಾಗಿ ಬರೆಯುವವರಿಂದ ಓದುವವರಿಗೆ ಅಡ್ಡಿಯಿಲ್ಲ.

ಬ್ಯಾಕಪ್‌ನಲ್ಲಿ ಜನ ಎಡವುವುದು ಇಲ್ಲೇ. ಆ್ಯಪ್ ಓಡುತ್ತಿರುವಾಗ ಮುಖ್ಯ ಫೈಲನ್ನಷ್ಟೇ ಕಾಪಿ ಮಾಡಿಟ್ಟರೆ, ಪಕ್ಕದ ಫೈಲಿನಲ್ಲಿದ್ದ ಇತ್ತೀಚಿನ ಬರಹ ತಪ್ಪಿಹೋಗುತ್ತದೆ. ಕೆಲವೊಮ್ಮೆ ಕಾಪಿಯೇ ಕೆಟ್ಟಿರುತ್ತದೆ. ‘ವ್ಯಾಕ್ಯೂಮ್ ಇನ್‌ಟು’ ಎಂಬ ಆಜ್ಞೆ ಕೊಟ್ಟರೆ ಅಚ್ಚುಕಟ್ಟಾದ ಪ್ರತಿ ಸಿಗುತ್ತದೆ. ಅದನ್ನು ಬೇರೊಂದು ಯಂತ್ರಕ್ಕೆ ಕಳಿಸಿಡಬೇಕು. ಇನ್ನೊಂದು ವಿಷಯ: ಆ್ಯಪನ್ನು ಕಂಟೇನರ್ ಎಂಬ ಪೊಟ್ಟಣದಲ್ಲಿಟ್ಟು ಓಡಿಸುವ ಎಷ್ಟೋ ಹೋಸ್ಟಿಂಗ್‌ಗಳಲ್ಲಿ ಹೊಸ ಆವೃತ್ತಿ ಏರಿಸಿದಾಗಲೆಲ್ಲ ಡಿಸ್ಕ್ ಖಾಲಿಯಾಗುತ್ತದೆ. ಉಳಿಯುವ ಡಿಸ್ಕ್ ಕೊಡದ ಕಡೆ ಎಸ್‌ಕ್ಯೂಲೈಟ್ ಬೇಡ.

ಪ್ರೊಸೆಸರಿಗಿಂತ ಹೆಚ್ಚು ಕಾಡುವುದು ದೂರ. ಆಪ್ಟಿಕಲ್ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸರ್ವರ್ 10,000 ಕಿಲೋಮೀಟರ್ ಆಚೆಗಿದ್ದರೆ ಹೋಗಿ ಬರುವುದಕ್ಕೇ ಕನಿಷ್ಠ 100 ಮಿಲಿಸೆಕೆಂಡು. ಹೊಸ ಎಚ್‌ಟಿಟಿಪಿಎಸ್ (ಸುರಕ್ಷಿತ ವೆಬ್) ಸಂಪರ್ಕಕ್ಕೆ, ಸಂಪರ್ಕ ಕೂಡಿಸುವ ಟಿಸಿಪಿಯದು ಹೋಗಿ ಬರುವ ಒಂದು ಸುತ್ತು, ಗುಟ್ಟು ಕಾಯುವ ಟಿಎಲ್‌ಎಸ್ 1.3ರದು ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು. ಮೊದಲ ಅಕ್ಷರ ಬರುವಷ್ಟರಲ್ಲಿ 300 ಮಿಲಿಸೆಕೆಂಡು ಹೋಯಿತು. ಎಂಥ ದುಬಾರಿ ಯಂತ್ರ ತಂದರೂ ಇದು ಇಳಿಯದು. ಆದ್ದರಿಂದ ನನ್ನ ಮಟ್ಟಿಗೆ ಕಂಪನಿಯ ಹೆಸರಿಗಿಂತ ಡೇಟಾ ಸೆಂಟರ್ ಬಳಕೆದಾರರಿಗೆ ಹತ್ತಿರವಿದೆಯೇ ಎಂಬುದು ಮೊದಲ ಪ್ರಶ್ನೆ. ಆ್ಯಪ್ ಒಂದು ಖಂಡದಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇಟ್ಟರಂತೂ ಮುಗಿಯಿತು: ಒಂದಾದ ಮೇಲೊಂದು ಹತ್ತು ಕ್ವೆರಿ (ಡೇಟಾಬೇಸಿಗೆ ಪ್ರಶ್ನೆ) ಕೇಳುವ ಪುಟಕ್ಕೆ ಒಂದು ಸೆಕೆಂಡು ದಾರಿಯಲ್ಲೇ ಕಳೆಯುತ್ತದೆ.

ಅಪರೂಪಕ್ಕೆ ಬಳಕೆಯಾಗುವ ಆ್ಯಪ್‌ಗೆ, ಕೇಳಿದಾಗ ಮಾತ್ರ ಕೋಡ್ ಓಡಿಸುವ ಸರ್ವರ್‌ಲೆಸ್ ಸೇವೆ ಸೋವಿ, ಆದರೆ ಮಲಗಿದ್ದ ಕೋಡ್ ಏಳುವವರೆಗೆ ಮೊದಲು ಬಂದವರು ಕಾಯಬೇಕು.

ಎಸ್‌ಕ್ಯೂಲೈಟ್ ಸಾಲದು ಎಂಬುದನ್ನು ಲಾಗ್ (ಆ್ಯಪ್ ತನ್ನ ಆಗುಹೋಗು ಬರೆದಿಡುವ ಕಡತ) ಹೇಳುತ್ತದೆ. ಬರೆಯಲು ಕಾಯುವ ಅವಧಿಯನ್ನು ಕೆಲವು ಸೆಕೆಂಡಿಗೆ ಏರಿಸಿದ ಮೇಲೂ ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ಸಾಲು ಪದೇ ಪದೇ ಕಂಡರೆ, ಮೊದಲು ಉದ್ದುದ್ದ ಟ್ರಾನ್ಸಾಕ್ಷನ್‌ಗಳನ್ನು (ಒಂದೇ ಗುಂಪಾಗಿ ಮುಗಿಯಬೇಕಾದ ಓದು-ಬರಹ) ಹುಡುಕಿ ಮೊಟಕು ಮಾಡಿ. ಅದಕ್ಕೂ ಬಗ್ಗದಿದ್ದರೆ ಆಗ ಪ್ರತ್ಯೇಕ ಸರ್ವರ್ ಆಗಿ ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋಗಿ.