‘ಹೆಕ್ಸಾನ್’ ಮಾಡಿದವರು ಮತ್ತೆ ಅಂಥದ್ದನ್ನು ಏಕೆ ಮಾಡಲಿಲ್ಲ?

ಪ್ರಶ್ನೆ: ಮಾಟಗಾತಿಯರ ಕುರಿತ 1922ರ ಮೂಕಿ ಚಿತ್ರ ‘ಹೆಕ್ಸಾನ್’ ನೋಡಿ ಬೆರಗಾದೆ. ಅದರ ನಿರ್ದೇಶಕ, ಡೆನ್ಮಾರ್ಕಿನ ಬೆಂಜಮಿನ್ ಕ್ರಿಸ್ಟೆನ್ಸನ್ ಆಮೇಲೆ ಏನಾದರು?

ಉತ್ತರ: ಹಾಲಿವುಡ್ಡಿಗೆ ಹೋದರು. ನನ್ನ ಪ್ರಕಾರ ಎಡವಟ್ಟಾದದ್ದು ಅಲ್ಲೇ.

1879ರಲ್ಲಿ ಹುಟ್ಟಿದ ಕ್ರಿಸ್ಟೆನ್ಸನ್ ಕಲಿತದ್ದು ಆಪೆರಾ ಗಾಯನ. ಕಂಠ ಕೈಕೊಟ್ಟಾಗ ಶಾಂಪೇನ್ ಮಾರಿ ಹೊಟ್ಟೆ ಹೊರೆದರು, ಆಮೇಲೆ ನಟರಾದರು. 1914ರಲ್ಲಿ ತೆರೆಕಂಡ ಮೊದಲ ಚಿತ್ರ ‘ನಿಗೂಢ ಎಕ್ಸ್’ಗೆ ಅವರೇ ನಿರ್ದೇಶಕ, ಅವರೇ ನಾಯಕ. ಕತ್ತಲಲ್ಲಿ ಹಿಂದಿನಿಂದ ಬೆಳಕು ಬಿಟ್ಟು ಮನುಷ್ಯರನ್ನು ಬರೀ ಕಪ್ಪು ಆಕೃತಿಗಳಾಗಿ ತೋರಿಸುವ ಅದರ ದೃಶ್ಯಗಳು ಇಂದಿಗೂ ಹಳತೆನಿಸುವುದಿಲ್ಲ.

‘ಹೆಕ್ಸಾನ್’ಗೆ ದುಡ್ಡು ಹಾಕಿದ್ದು ಸ್ವೀಡನ್ನಿನ ಕಂಪನಿ, ಚಿತ್ರೀಕರಣ ನಡೆದದ್ದು ಡೆನ್ಮಾರ್ಕಿನಲ್ಲಿ. ಮಾಟಗಾತಿಯರ ವಿಚಾರಣೆ ನಡೆಸುತ್ತಿದ್ದವರ ಹಳೆಯ ಕೈಪಿಡಿಗಳನ್ನು ವರ್ಷಗಟ್ಟಲೆ ಓದಿಕೊಂಡು, ಅರ್ಧ ಉಪನ್ಯಾಸ ಅರ್ಧ ಕಥೆ ಎನ್ನುವಂಥದ್ದನ್ನು ಅವರು ಕಟ್ಟಿದರು. ನಾಲಿಗೆ ಆಡಿಸುತ್ತ ಎದುರು ನಿಲ್ಲುವ ಸೈತಾನನೂ ಅವರೇ! ಚಿತ್ರೀಕರಣದ ಮಾತುಗಳೂ ಚಿತ್ರದೊಳಗೆ ನುಸುಳುತ್ತವೆ. ಮಾಟಗಾತಿಯ ಪಾತ್ರದ ಮುದುಕಿ ಬಿಡುವಿನಲ್ಲಿ ಮುಖವೆತ್ತಿ, ಸೈತಾನ ಇರುವುದು ನಿಜ, ನನ್ನ ಹಾಸಿಗೆಯ ಪಕ್ಕ ಕುಳಿತದ್ದನ್ನು ಕಂಡಿದ್ದೇನೆ ಎಂದಳು ಎನ್ನುತ್ತದೆ ಒಂದು ಬರಹದ ಫಲಕ. ಇನ್ನೊಂದು ಕಡೆ, ಹೆಬ್ಬೆರಳು ಹಿಂಡುವ ಚಿತ್ರಹಿಂಸೆಯ ಸಾಧನವನ್ನು ನಟಿಯೊಬ್ಬಳು ತಾನೇ ಹಟ ಹಿಡಿದು ಹಾಕಿಸಿಕೊಳ್ಳುತ್ತಾಳೆ.

ಸ್ಕ್ಯಾಂಡಿನೇವಿಯಾದ ಮೂಕಿ ಚಿತ್ರಗಳಲ್ಲೇ ಇದು ಅತ್ಯಂತ ದುಬಾರಿ. ಚಿತ್ರಹಿಂಸೆ, ನಗ್ನತೆ ಎಂದು ಹಲವು ದೇಶಗಳ ಸೆನ್ಸಾರ್ ಕತ್ತರಿ ಆಡಿಸಿತು. ಇಷ್ಟು ಹಣ, ಇಷ್ಟು ಸ್ವಾತಂತ್ರ್ಯ ಒಟ್ಟಿಗೆ ಕೊಡುವವರು ಅವರಿಗೆ ಮತ್ತೆ ಸಿಗಲಿಲ್ಲ. ಜರ್ಮನಿಯಲ್ಲಿ ಸ್ವಲ್ಪ ಕಾಲ ಇದ್ದು ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ಸೇರಿದರು. ನಾರ್ಮಾ ಶಿಯರರ್, ಲಾನ್ ಚೇನಿಯಂಥ ತಾರೆಯರೇನೋ ಸಿಕ್ಕರು. ಆದರೆ ಅಲ್ಲಿ ಚಿತ್ರ ಸ್ಟುಡಿಯೋದ್ದು, ನಿರ್ದೇಶಕನದ್ದಲ್ಲ. 1929ರ ‘ಸೆವೆನ್ ಫುಟ್‌ಪ್ರಿಂಟ್ಸ್ ಟು ಸೇಟನ್’ನಲ್ಲಿ ಹಳೆಯ ತುಂಟತನ ಇಣುಕುತ್ತದೆ, ಅಷ್ಟೇ.

ಊರಿಗೆ ಮರಳಿದ ಮೇಲೆ, 1939ರಿಂದ 1942ರ ನಡುವೆ ನಾಲ್ಕು ಟಾಕಿ ಚಿತ್ರಗಳು. ಕೊನೆಯದು, ಒಂದು ಗೂಢಚಾರರ ಕಥೆ, ನೆಲಕಚ್ಚಿತು. ಆಮೇಲೆ 1959ರಲ್ಲಿ ತೀರಿಕೊಳ್ಳುವವರೆಗೂ ಕೋಪನ್‌ಹೇಗನ್ ಹೊರವಲಯದ ರೋಡೊವ್ರೆಯಲ್ಲಿ ಚಿತ್ರಮಂದಿರ ನಡೆಸಿಕೊಂಡಿದ್ದರು.

‘ಹೆಕ್ಸಾನ್’ 1941ರಲ್ಲಿ ಡೆನ್ಮಾರ್ಕಿನಲ್ಲಿ ಮರುಬಿಡುಗಡೆಯಾದಾಗ ಕ್ರಿಸ್ಟೆನ್ಸನ್ ತಾವೇ ಕ್ಯಾಮೆರಾ ಮುಂದೆ ನಿಂತು ಮುನ್ನುಡಿ ಹೇಳಿದ್ದಾರೆ. ಸಿಕ್ಕರೆ ನೋಡಿ. ಮೂಕಿಯಲ್ಲಿ ಸೈತಾನನಾಗಿ ಕುಣಿದ ಮನುಷ್ಯ ಇಲ್ಲಿ ಮೇಷ್ಟರ ಗತ್ತಿನಲ್ಲಿ ಮಾತನಾಡುತ್ತಾರೆ.