ಒಂದು ಮಾರ್ಕಿಗೆ 120 ರೂಪಾಯಿ

ಹತ್ತನೇ ತರಗತಿಯ ಹುಡುಗಿಯೊಬ್ಬಳು ರಫ್ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ನನ್ನ ಮುಂದಿಟ್ಟಳು. ಪೆನ್ಸಿಲ್ಲಿನಲ್ಲಿ ಒಂದರ ಕೆಳಗೊಂದು ಬರೆದ ಲೆಕ್ಕ. ಸಾಲಿ ಫೀ 42,000. ಟ್ಯೂಷನ್ 18,000. ಬಸ್ಸು 9,000. ಗೈಡು, ಪುಸ್ತಕ 3,800. ಕನ್ನಡಕ 2,200. ಕೆಳಗೆ ಗೆರೆ ಎಳೆದು 75,000. ಅದನ್ನು 625ರಿಂದ ಭಾಗಿಸಿದ್ದಳು. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625, ಅಲ್ವಾ? ಉತ್ತರ 120. ಅಂದರೆ ಒಂದು ಮಾರ್ಕಿಗೆ ಅಪ್ಪ ಸುರಿದದ್ದು 120 ರೂಪಾಯಿ. ಪ್ರಿಪರೇಟರಿಯಲ್ಲಿ ಅವಳಿಗೆ 513 ಬಂದಿತ್ತು. ಕೈತಪ್ಪಿದ 112 ಅಂಕಗಳಿಗೂ ಲೆಕ್ಕ ಹಾಕಿದ್ದಳು. 13,440 ರೂಪಾಯಿ. ಆ ಅಂಕಿಯ ಸುತ್ತ ಹಾಳೆ ಹರಿಯುವಷ್ಟು ಸಲ ಪೆನ್ಸಿಲ್ ತಿರುಗಿಸಿದ್ದಳು.

513 ಅಂದರೆ ನೂರಕ್ಕೆ 82. ಹುಡುಗಿ ಜಾಣೆ. ನನ್ನ ಹತ್ತಿರ ಬಂದದ್ದು ಬೇರೆ ದೂರು ಹೊತ್ತು. "ಓದಿದ್ದೆಲ್ಲಾ ಮರ್ತ ಹೋಗತೈತ್ರಿ ಮೇಡಂ. ಪುಸ್ತಕ ಕೈಯಾಗ ಹಿಡದ್ರ ಎದಿ ಡವಡವ ಅಂತೈತ್ರಿ."

ವಿಜಯಪುರದಲ್ಲಿ ಮಕ್ಕಳ ಮನಸ್ಸಿನ ಸಮಾಲೋಚನೆ ಮಾಡುವ ನನಗೆ ಜನವರಿಯಿಂದ ಏಪ್ರಿಲ್‌ವರೆಗೆ ಇಂಥ ಮಕ್ಕಳೇ ಜಾಸ್ತಿ. ಈ ಹುಡುಗಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳೂ ಅವಳ ಅಪ್ಪನೂ ಒಪ್ಪಿದ್ದಾರೆ. ಆ ಪುಟವನ್ನು ನಾನು ಮರೆಯಲಾರೆ. ಏಕೆಂದರೆ ನಮ್ಮ ಕಡೆಯ ಎಷ್ಟೋ ಮಕ್ಕಳ ತಲೆಯಲ್ಲಿ ಅದೇ ಲೆಕ್ಕ ಓಡುತ್ತಿರುತ್ತದೆ. ಬರೆದಿರುವುದಿಲ್ಲ, ಅಷ್ಟೇ. ಅವರು ಪಾಠ ಓದುತ್ತಿರುವುದಿಲ್ಲ, ಸಾಲ ತೀರಿಸುತ್ತಿರುತ್ತಾರೆ. ಸಾಲದ ಚೀಟಿ ಆದ ಪುಸ್ತಕವನ್ನು ತೆರೆಯಲು ಯಾರಿಗೆ ತಾನೇ ಮನಸ್ಸಾಗುತ್ತದೆ?

ಅಪ್ಪನದು ತಿಕೋಟಾ ಕಡೆ ದ್ರಾಕ್ಷಿ ತೋಟ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರ್ಚ್ ಅಂದರೆ ಮಕ್ಕಳಿಗೆ ಪರೀಕ್ಷೆ, ಒಣದ್ರಾಕ್ಷಿ ಮಾಡುವವರಿಗೆ ಕಟಾವು. ಹಣ್ಣು ಶೆಡ್ಡಿಗೆ ಏರಿದ ಹೊತ್ತಿಗೆ ಒಂದು ಅಡ್ಡಮಳೆ ಬಿದ್ದರೆ ಮುಗಿಯಿತು. ಬಣ್ಣ ಹೋಗುತ್ತದೆ, ರೇಟು ಬೀಳುತ್ತದೆ. ದಿನಕ್ಕೆ ಹತ್ತು ಸಲ ಆಕಾಶ ನೋಡುವ ಮನುಷ್ಯ ಮನೆಗೆ ಬಂದು ಮಗಳನ್ನು ನೋಡುತ್ತಾನೆ. ಮೋಡ ಅವನ ಮಾತು ಕೇಳುವುದಿಲ್ಲ. ಮಗಳು ಕೇಳುತ್ತಾಳೆ. ಹಾಗಾಗಿ "ಓದಿದೇನವಾ?" ಅಂತ ಕೇಳುತ್ತಾನೆ. ಬೆಳಿಗ್ಗೆ ಕೇಳುತ್ತಾನೆ, ಊಟಕ್ಕೆ ಕೂತಾಗ ಕೇಳುತ್ತಾನೆ, ಫೋನ್ ಮಾಡಿ ಅವ್ವನ ಹತ್ತಿರ ಕೇಳುತ್ತಾನೆ. ಆ ಮನೆಯಲ್ಲಿ ಪರೀಕ್ಷೆ ಇಬ್ಬರಿಗಿತ್ತು. ಆದರೆ ಒಬ್ಬರ ಪರೀಕ್ಷೆಯ ಬಗ್ಗೆ ಮಾತ್ರ ಮಾತು ನಡೆಯುತ್ತಿತ್ತು.

ಇದನ್ನು ಮಕ್ಕಳಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲಾಗುತ್ತದೆ. ಅಪ್ಪನ ಸಿಟ್ಟಿನ ಅರ್ಧಭಾಗ ನಿಮ್ಮದಲ್ಲವೇ ಅಲ್ಲ. ಅದು ಬ್ಯಾಂಕಿನದು, ಮಳೆಯದು, ಕಾರ್ಖಾನೆ ಇನ್ನೂ ಕೊಡದ ಕಬ್ಬಿನ ಬಿಲ್ಲಿನದು. ಹಾಗಂತ ಅದು ನೋಯಿಸುವುದಿಲ್ಲ ಅಂತಲ್ಲ. ಆದರೆ ಯಾವ ಭಾರ ಯಾರದು ಅಂತ ಗೊತ್ತಾದರೆ ನಿಮ್ಮ ಪಾಲಿನದನ್ನಷ್ಟೇ ಹೊರಬಹುದು.

ಈಗ "ಮರ್ತ ಹೋಗತೈತಿ" ಅನ್ನುವ ಮಾತಿಗೆ ಬರೋಣ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿ ಅಡಗಿವೆ. ಓದಿದ್ದು ಒಳಗೆ ಹೋಗಿದೆ, ಹೊರಗೆ ಬರುತ್ತಿಲ್ಲ ಅನ್ನುವುದು ಒಂದು. ಒಳಗೆ ಗಟ್ಟಿಯಾಗಿ ಕೂತೇ ಇಲ್ಲ ಅನ್ನುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ.

ಮೊದಲನೆಯದು ಹೆದರಿಕೆಯ ಕೆಲಸ. ನಾವು ಹೆದರಿದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಏರುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಓಡಲು, ಹೊಡೆದಾಡಲು ಮೈ ತಯಾರಾಗುವ ರೀತಿ ಅದು. ನಾಯಿ ಅಟ್ಟಿಸಿಕೊಂಡು ಬಂದಾಗ ಬಹಳ ಉಪಯೋಗ. ಪ್ರಮೇಯ ಬರೆಯುವಾಗ ಉಪಯೋಗವಿಲ್ಲ. ಕಾರ್ಟಿಸಾಲ್ ಜಾಸ್ತಿಯಾದಾಗ ಮೆದುಳು ಇಟ್ಟುಕೊಂಡದ್ದನ್ನು ಹುಡುಕಿ ತೆಗೆಯುವ ಕೆಲಸ ಮಂದವಾಗುತ್ತದೆ. ಹಾಲ್‌ನಲ್ಲಿ ಬಾರದ ಉತ್ತರ ಹೊರಗೆ ಬಂದು ನೀರು ಕುಡಿದ ಕೂಡಲೇ ನೆನಪಾಗುತ್ತದಲ್ಲ, ಅದಕ್ಕೇ. ನೀವು ದಡ್ಡರಾದದ್ದಲ್ಲ. ಬಾಗಿಲು ಒಂದು ಗಳಿಗೆ ಬಿಗಿದುಕೊಂಡಿತ್ತು.

ಬಿಗಿದ ಬಾಗಿಲನ್ನು ಸಡಿಲಿಸಲು ಉಸಿರು ಕೈಗೆ ಸಿಗುವ ಹಿಡಿಕೆ. ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆಳೆದುಕೊಳ್ಳಿ, ಆರು ಎಣಿಸುತ್ತಾ ನಿಧಾನ ಬಿಡಿ. ಬಿಡುವ ಉಸಿರು ಉದ್ದವಿರಬೇಕು, ಆಗ ಎದೆಬಡಿತ ಇಳಿಯುತ್ತದೆ. ಹತ್ತು ಸಲ ಸಾಕು. ಆದರೆ ಮೊದಲ ಸಲ ಪರೀಕ್ಷೆ ದಿನವೇ ಮಾಡಿದರೆ ಆಗುವುದಿಲ್ಲ. ಇವತ್ತಿನಿಂದ ದಿನಾ ಓದಲು ಕೂರುವ ಮುಂಚೆ ಮಾಡಿ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಅಂತ 15 ನಿಮಿಷ ಕೊಡುತ್ತಾರಲ್ಲ, ಅದರಲ್ಲಿ ಬಾರದ ಪ್ರಶ್ನೆ ಹುಡುಕುತ್ತಾ ಕೂರಬೇಡಿ. ಬರುವ ಮೂರು ಪ್ರಶ್ನೆ ಹುಡುಕಿ. ಬರೆಯಲು ಶುರುಮಾಡಿ ಅಂದಾಗ ಅದರಿಂದಲೇ ಶುರು. ಕೈ ಓಡತೊಡಗಿದರೆ ಭಯ ತಾನಾಗಿ ಹಿಂದೆ ಸರಿಯುತ್ತದೆ.

ಎರಡನೆಯದರ ಬಗ್ಗೆ ನಾನು ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲಿ ಮಕ್ಕಳು ಸುಮ್ನೆ ದಣಿಯುತ್ತಾರೆ. ಆ ಹುಡುಗಿ ಜೀವಕ್ರಿಯೆಗಳ ಪಾಠವನ್ನು ಐದು ಸಲ ಓದಿದ್ದೇನೆ ಅಂದಳು. ಹಾಳೆಗಳಲ್ಲಿ ಹಳದಿ ಹೈಲೈಟರ್ ಹಾಕದ ಸಾಲು ಹುಡುಕಬೇಕಿತ್ತು. ಪುಸ್ತಕ ಮುಚ್ಚಿಸಿ ಖಾಲಿ ಹಾಳೆ ಕೊಟ್ಟೆ, ಹೃದಯದ ಚಿತ್ರ ಬರಿ ಅಂದೆ. ಹೊರಗೆರೆ ಚೆನ್ನಾಗಿ ಎಳೆದಳು. ಒಳಗೆ ನಾಲ್ಕು ಕೋಣೆ ಮಾಡಿದಳು. ಮೇಲೆ ಮಹಾಪಧಮನಿ ಅಂತ ಒಂದು ಹೆಸರು ಬರೆದಳು. ಪೆನ್ಸಿಲ್ ನಿಂತಿತು. ತುಂಬಾ ಹೊತ್ತು ಹಾಳೆ ನೋಡುತ್ತಾ ಕೂತು, "ತಗದ್ರ ಎಲ್ಲಾ ಗೊತ್ತೈತ್ರಿ, ಮುಚ್ಚಿದ್ರ ಏನೂ ಇಲ್ರಿ" ಅಂದಳು.

ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಯವಾಗುತ್ತವೆ. ಮುಖ ಪರಿಚಯವಿದ್ದ ಮಾತ್ರಕ್ಕೆ ಹೆಸರು ಬಾಯಿಗೆ ಬರುತ್ತದೆಯೇ? ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅಳೆದು ನೋಡಿದರು, 2006ರಲ್ಲಿ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಅದನ್ನು ಬದಿಗಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿಬಿತ್ತು. ಓದಿದವರಿಗೆ ನೂರಕ್ಕೆ 42ರಷ್ಟು ನೆನಪಿತ್ತು, ಬರೆದವರಿಗೆ 56ರಷ್ಟು. ನಿಮ್ಮ ಪರೀಕ್ಷೆ ಐದು ನಿಮಿಷಕ್ಕೆ ಇರುವುದಿಲ್ಲ.

ಹಾಗಾಗಿ ರಿವಿಜನ್ ಅಂದರೆ ಮುಚ್ಚಿದ ಪುಸ್ತಕ. ಒಂದು ಭಾಗ ಓದಿ, ಮುಚ್ಚಿ, ರಫ್ ಹಾಳೆಯಲ್ಲಿ ಬರೆಯಿರಿ. ಅಕ್ಷರ ಚೆಂದ ಬೇಡ. ಆಮೇಲೆ ತೆರೆದು ಬಿಟ್ಟಿದ್ದನ್ನು ಮಾತ್ರ ಸೇರಿಸಿ. ಎರಡು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಮೊದಲ ವಾರ ಬೇಜಾರಾಗುತ್ತದೆ. ಎಷ್ಟು ಬರುವುದಿಲ್ಲ ಅಂತ ಕಣ್ಣಿಗೆ ಹೊಡೆದು ಕಾಣುತ್ತದೆ. ಅದು ಮಾರ್ಚ್‌ನಲ್ಲಿ ಕಾಣುವ ಬದಲು ಈಗಲೇ ಕಂಡರೆ ಒಳ್ಳೆಯದು. ಆ ಹುಡುಗಿಯ ಹೃದಯದ ಚಿತ್ರಕ್ಕೆ ಮೂರನೇ ಸಲಕ್ಕೆ ಎಲ್ಲಾ ಹೆಸರು ಬಂದವು. ಎದೆಬಡಿತಕ್ಕೆ ನನ್ನ ಉಸಿರಿನ ಪಾಠಕ್ಕಿಂತ ಆ ಚಿತ್ರವೇ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

ನಿದ್ದೆಯ ವಿಷಯದಲ್ಲಿ ನಾನು ಮನೆಯವರ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ನಸುಕಿನ ನಾಲ್ಕಕ್ಕೆ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಅಂತ ನಮ್ಮಲ್ಲಿ ಗಟ್ಟಿ ನಂಬಿಕೆ. ಎಬ್ಬಿಸಿ, ಬೇಡ ಅನ್ನುವುದಿಲ್ಲ. ಆದರೆ ರಾತ್ರಿ ಎಂಟಕ್ಕೆ ಮಲಗಲು ಬಿಡಬೇಕು. ಹನ್ನೊಂದೂವರೆಗೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸುವುದು ಓದಿದ್ದನ್ನು ಕೈಯಾರೆ ಅಳಿಸಿದಂತೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು. ಅದೂ ಅಲ್ಲದೆ ಹದಿಹರೆಯದಲ್ಲಿ ಮೈಯ ಗಡಿಯಾರವೇ ತಡವಾಗಿ ತಿರುಗುತ್ತದೆ. ಬೇಗ ನಿದ್ದೆ ಬಾರದಿರುವುದು ಸೋಮಾರಿತನ ಅಲ್ಲ. ಅಂಥ ಮಗು ರಾತ್ರಿ ಹತ್ತರವರೆಗೆ ಓದಿ, ಆರೂವರೆಗೆ ಏಳಲಿ. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ.

ಇನ್ನೊಂದು ಮಾತು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಅವಳನ್ನು ಕಳಿಸಿರಲಿಲ್ಲ. "ಈ ವರ್ಷ ಹತ್ತನೇತ್ತ, ಜಾತ್ರಿ ಎಲ್ಲಿ ಓಡಿ ಹೊಕ್ಕೈತಿ" ಅಂದಿದ್ದರಂತೆ. ಆ ಸಂಜೆ ಎಷ್ಟು ಓದಿದೆ ಅಂತ ಕೇಳಿದೆ. "ಒಂದ ಪುಟಾನೂ ಇಲ್ರಿ. ಗೆಳತ್ಯಾರು ಬಳಿ ಹಾಕ್ಕೊಂಡ ಫೋಟೊ ಕಳಿಸಿದ್ರು, ಅದನ್ನ ನೋಡಕೋತ ಕುಂತಿದ್ದೆ." ಮೂರು ತಾಸು ಜಾತ್ರೆ ಸುತ್ತಿ ಬಂದಿದ್ದರೆ ಮರುದಿನ ಬೆಳಿಗ್ಗೆ ಅವಳು ಮನಸ್ಸಿಟ್ಟು ಓದುತ್ತಿದ್ದಳು. ನನಗಂತೂ ಅನುಮಾನವಿಲ್ಲ.

ಮನೆಯವರ ಜೊತೆ ಮಾತಾಡುವುದು ಹೇಗೆ? ಮಕ್ಕಳು ಇದನ್ನೇ ಹೆಚ್ಚು ಕೇಳುತ್ತಾರೆ. ಅಂಕಪಟ್ಟಿ ಕೈಯಲ್ಲಿದ್ದಾಗ ಬೇಡ. ನೆಂಟರ ಮುಂದೆ ಬೇಡ. ಕಾಕಾನ ಮಗನಿಗೆ ಎಷ್ಟು ಬಂತು ಅಂತ ಶುರುವಾದಾಗಲಂತೂ ಬೇಡವೇ ಬೇಡ. ಊಟ ಮುಗಿದು ಅಪ್ಪ ಕಟ್ಟೆಯ ಮೇಲೆ ಕೂತಿರುವ ಹೊತ್ತು ನೋಡಿ. ಒಂದೇ ಒಂದು ವಿಷಯ ಕೇಳಿ, ಅದೂ ಆಗುವಂಥದ್ದು. "ನನ್ನನ್ನು ಅರ್ಥ ಮಾಡಿಕೊಳ್ಳಿ" ಅಂದರೆ ಅಪ್ಪನಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಆ ಹುಡುಗಿ ನನ್ನ ಮುಂದೆ ನಾಲ್ಕೈದು ಸಲ ಹೇಳಿ ಹೇಳಿ ರೂಢಿ ಮಾಡಿಕೊಂಡು ಹೋದ ಮಾತು ಇದು: "ಅಪ್ಪಾ, ಕೇಳಬ್ಯಾಡ್ರಿ ಅನ್ನಂಗಿಲ್ಲ. ರಾತ್ರಿ ಊಟ ಆದ ಮ್ಯಾಲ ಒಮ್ಮೆ ಕೇಳ್ರಿ. ಅವತ್ತ ಏನ ಬರದೀನಿ, ಏನ ಬರಲಿಲ್ಲ, ನಾನ ತೋರಸ್ತೀನಿ." ಬಾಯಿ ಬಿಡಲು ಆಗದಿದ್ದರೆ ಚೀಟಿ ಬರೆದಿಡಿ. ಎಷ್ಟೋ ಅಪ್ಪಂದಿರು ಆ ಚೀಟಿಯನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ನನ್ನ ಹತ್ತಿರ ಬಂದಿದ್ದಾರೆ.

ಅವಳ ಅಪ್ಪ ಬಂದದ್ದು ಮುಂದಿನ ವಾರ. ಕೈಯ ಬೆರಳಲ್ಲಿ ದ್ರಾಕ್ಷಿಯ ಕಲೆ ಹಾಗೇ ಇತ್ತು. ಲೆಕ್ಕದ ಪುಟ ತೋರಿಸುವುದೋ ಬೇಡವೋ ಅವಳಿಗೇ ಬಿಟ್ಟಿದ್ದೆ. ಅವಳೇ ತೆರೆದು ಕೊಟ್ಟಳು. ಅವರು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. 2,200ರ ಹತ್ತಿರ ಬೆರಳು ನಿಂತಿತು. "ಕನ್ನಡಕದ ರೊಕ್ಕಾನೂ ಲೆಕ್ಕಕ್ಕ ಹಚ್ಚೀಯೇನವಾ? ಅದೇನ ಬರೇ ಓದಾಕ ಕೊಡಸೀನೇನು? ನಿನಗ ಛಲೋತ್ನಾಗ ಕಾಣಲಿ ಅಂತ ಕೊಡಸೀನಿ." ಇಬ್ಬರೂ ಅತ್ತರು. ನಾನು ನೀರು ತರಲು ಎದ್ದು ಹೊರಗೆ ಹೋದೆ.

ತಂದೆತಾಯಿಯರಿಗೆ ನನ್ನ ಕೋರಿಕೆ ಒಂದೇ. ಖರ್ಚಿನ ಮಾತನ್ನು ಮಕ್ಕಳ ಮುಂದೆ ಮುಚ್ಚಿಡಬೇಡಿ, ಮನೆಯ ಕಷ್ಟ ಅವರಿಗೂ ತಿಳಿಯಲಿ. ಆದರೆ "ನಿನಗಾಗಿ ಇಷ್ಟು ಸುರಿದೆ" ಅನ್ನುವ ಮಾತನ್ನು ಅಂಕದ ಮಾತಿನ ಜೊತೆ ಒಂದೇ ಉಸಿರಿನಲ್ಲಿ ಆಡಬೇಡಿ. ಮತ್ತೆ, ಒಂದು ಪರೀಕ್ಷೆ ಕೆಟ್ಟರೆ ವರ್ಷವೇ ಹೋಯಿತು ಅನ್ನುವುದು ನಿಮ್ಮ ಕಾಲದ ಭಯ. 2024ರಲ್ಲಿ ರಾಜ್ಯದ ಪರೀಕ್ಷಾ ಮಂಡಳಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1, 2, 3 ಅಂತ ಮಾಡಿತು, ಸಪ್ಲಿಮೆಂಟರಿ ಎಂಬ ಹೆಸರನ್ನೇ ತೆಗೆಯಿತು. ಅವುಗಳಲ್ಲಿ ಹೆಚ್ಚು ಬಂದ ಅಂಕ ಉಳಿಸಿಕೊಳ್ಳಲು ಬಿಟ್ಟಿತು. ನಿಯಮ ಆಗಾಗ ಬದಲಾಗುತ್ತದೆ, ಈ ವರ್ಷದ್ದನ್ನು ಶಾಲೆಯಲ್ಲೇ ಕೇಳಿಕೊಳ್ಳಿ. ಮಗುವಿನ ಎದುರಿಗೇ ಕೇಳಿ.

ಇಷ್ಟೆಲ್ಲ ಮಾಡಿಯೂ ತಗ್ಗದ ಸಂಕಟ ಇರುತ್ತದೆ. ಎರಡು ವಾರದಿಂದ ಮಗುವಿಗೆ ಸರಿಯಾಗಿ ಊಟ, ನಿದ್ದೆ ಇಲ್ಲ. ಯಾರ ಜೊತೆಗೂ ಮಾತಿಲ್ಲ. ಮೈಗೆ ತಾನೇ ನೋವು ಮಾಡಿಕೊಳ್ಳುತ್ತಿದೆ. "ನಾ ಇಲ್ಲಂದ್ರ ನಿಮಗ ಆರಾಮ" ಅಂತ ಒಮ್ಮೆಯಾದರೂ ಅಂದಿದೆ. ಆಗ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಹೊಲದ ಔಷಧಿಗೆ ಕೀಲಿ ಹಾಕಿಡಿ, ಅವತ್ತೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದನ್ನು ಓದುತ್ತಿರುವುದು ನೀವೇ ಆಗಿದ್ದರೆ, ಮನೆಯಲ್ಲಿ ಹೇಳಲು ಬಾಯಿ ಬರದಿದ್ದರೆ, ಟೆಲಿ ಮಾನಸ್ ನಂಬರ್ 14416. ಮನಸ್ಸಿನ ಸಂಕಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಕ್ಕಳ ಸಹಾಯವಾಣಿ 1098. 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹಗಲೂ ರಾತ್ರಿಯೂ ನಡೆಯುತ್ತದೆ. ಪುಸ್ತಕ ಮುಂದಿಟ್ಟುಕೊಂಡು ಎರಡು ಗಂಟೆಯಾದರೂ ನಿದ್ದೆ ಬಾರದ ರಾತ್ರಿಯಲ್ಲೂ ಮಾಡಬಹುದು.